ಕಳೆಯುವ ಲೆಕ್ಕ

ಮೊದಲು ಚಪ್ಪಲಿ. ಆಮೇಲೆ ಚೀಲ. ಕೊನೆಗೆ ಮೈ.

ಮೂರು ತಿಂಗಳಿಂದ ಇದೇ ಕ್ರಮ. ಬಡಾವಣೆಯ ಚಿಕ್ಕ ಗೇಟಿನ ಪಕ್ಕದಲ್ಲಿ ನೀರೆತ್ತುವ ಮೋಟರಿನ ಕೋಣೆ. ಅದಕ್ಕೊಂದು ತಗಡಿನ ಬಾಗಿಲು. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಅಂಗೈಯಗಲ ಸಂದಿ ಉಳಿಯುತ್ತದೆ. ಸಂದಿಗೆ ಬೆನ್ನು ಕೊಟ್ಟು ನಿಂತರೆ ರಸ್ತೆಗೆ ಬೆನ್ನು ಕಾಣುತ್ತದೆ, ಎದೆ ಕೊಟ್ಟು ನಿಂತರೆ ಎದೆ. ಯಾವುದನ್ನು ಕೊಡಬೇಕು ಅನ್ನುವುದೊಂದೇ ಅಲ್ಲಿ ಹೆಂಗಸರಿಗೆ ಬಿಟ್ಟ ವಿಷಯ. ಕಳೆಯಕ್ಕ ಬೆನ್ನು ಕೊಟ್ಟು ನಿಂತಳು.

"ಕೈ ಎತ್ತಕ್ಕ," ಅಂದಳು ಟೋಪಿಯಮ್ಮ.

ಎತ್ತಿದಳು.

"ಒಳಗಿಂದು ಸಡಿಲ ಮಾಡಿ ಒದರು."

ಒದರಿದಳು. ಎರಡು ಹುಲ್ಲಿನ ಎಸಳು, ಒಂದಿಷ್ಟು ಒಣಮಣ್ಣು ಉದುರಿತು. ಟೋಪಿಯಮ್ಮ ಬಗ್ಗಿ ಮಣ್ಣನ್ನೂ ಕೆದಕಿ ನೋಡಿದಳು.

"ಬಾಯಿ?"

"ಬಾಯಲ್ಲಿ ಏನಿರುತ್ತೆ?"

"ಉಂಗುರ ಇಟ್ಕೊಂಡಿರ್ತಾರಂತೆ. ಹೊಸದಾಗಿ ಸೇರಿಸಿದಾರೆ. ಬೇಜಾರು ಮಾಡ್ಕೋಬೇಡ. ಆ ಅನ್ನು."

ಐವತ್ತರ ಹತ್ತಿರದ ಹೆಂಗಸು, ಮೊಮ್ಮಗಳನ್ನು ಎತ್ತಿ ಆಡಿಸಿದವಳು, ಮೋಟರಿನ ಕೋಣೆಯಲ್ಲಿ ಬಾಯಿ ತೆರೆದು ನಿಂತಳು. ಟೋಪಿಯಮ್ಮ ಬೆರಳು ಹಾಕಿ ಒಸಡಿನ ಸುತ್ತ ತಡವಿದಳು. ಬೆರಳಲ್ಲಿ ಹಿಂದಿನವಳ ಪಾತ್ರೆಸೋಪಿನ ರುಚಿ ಇತ್ತು.

ಟೋಪಿಯಮ್ಮ ಕೆಟ್ಟವಳಲ್ಲ. ಕಾವಲು ಕಂಪನಿ ಅವಳಿಗೆ ಒಂದು ನೀಲಿ ಟೋಪಿ ಕೊಟ್ಟು, ಇದೇ ಸಮವಸ್ತ್ರ ಅಂದಿತ್ತು. ಅವಳು ಯಾರಿಗೂ ಟೋಪಿ ಹಾಕಿದವಳಲ್ಲ. ಕಂಪನಿಯೇ ಅವಳಿಗೆ ಹಾಕಿತ್ತು.

ಹೊರಗೆ ಬಂದರೆ ಚೀಲ ಕಾಯುತ್ತಿತ್ತು. ಬೆಳಗಿನಿಂದ ಕಿತ್ತ ಕಳೆಯನ್ನೆಲ್ಲ ಗೇಟಣ್ಣ ರಸ್ತೆಗೆ ಸುರಿದಿದ್ದ. ಕಡ್ಡಿಯಿಂದ ಕೆದಕಿ, "ಏನೂ ಇಲ್ಲ" ಅಂದಿದ್ದ. ಈಗ ಅವಳು ಕುಕ್ಕರಗಾಲಲ್ಲಿ ಕೂತು ಅದನ್ನು ಮತ್ತೆ ಬಾಚಿ ತುಂಬಬೇಕು. ಒಂದೇ ಕಳೆಯನ್ನು ದಿನಕ್ಕೆ ಎರಡು ಸಲ ನೆಲದಿಂದ ಎತ್ತುವ ಕೆಲಸ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ.

ಅದೂ ಬರಿಗೈಯಲ್ಲಿ. ತಪಾಸಣೆ ಶುರುವಾದ ವಾರವೇ ಅವಳ ಕಳೆಗುದ್ದಲಿಯನ್ನು ಬಡಾವಣೆಯ ಸಂಘ ಕಿತ್ತುಕೊಂಡಿತ್ತು. ಗೇಣುದ್ದದ ಕಬ್ಬಿಣ. ಹೊಸ ನಿಯಮಾವಳಿಯಲ್ಲಿ ಅದಕ್ಕೆ 'ಹರಿತವಾದ ಆಯುಧ' ಅನ್ನುವ ಹೆಸರು ಬಂದಿತ್ತು. ಅಲ್ಲಿಂದ ಬೆರಳೇ ಗುದ್ದಲಿ. ಜೇಕನ್ನು ಎಳೆದರೆ ಹುಲ್ಲು ಕೈಗೆ ಬರುತ್ತದೆ, ಗೆಡ್ಡೆ ನೆಲದಲ್ಲೇ ಕೂತಿರುತ್ತದೆ. ಉಗುರಿನಿಂದ ಬಗೆಯಬೇಕು. ಬಲಗೈಯ ಎರಡು ಉಗುರು ಬುಡದಿಂದ ಎದ್ದುಬಂದವು. ನೆಗ್ಗಿಲ ಮುಳ್ಳೊಂದು ಅಂಗೈಯಲ್ಲಿ ಮುರಿದು ಕೀವಾಗಿ, ಕೈ ಮೊಣಕೈವರೆಗೆ ಊದಿ, ಆ ತಿಂಗಳೆಲ್ಲ ಮನೆಯಲ್ಲಿ ಕೂತಳು.

ಬಡಾವಣೆ ಮಾತ್ರ ಸುರಕ್ಷಿತವಾಗಿತ್ತು.

ನಲವತ್ತು ಮನೆಯ ಬಡಾವಣೆ. ಸುತ್ತ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಅದರ ಮೇಲೆ ಮುಳ್ಳುತಂತಿ, ತಂತಿಯ ಮೇಲೆ ಕ್ಯಾಮೆರಾ. ಗೋಡೆಯ ಹಿಂದೆ ಮೋರಿ. ಮೋರಿಯಾಚೆ ಕಳೆಯಕ್ಕನ ಮನೆ, ಅವಳಂಥವರ ಮನೆಗಳು. ಈಚೆಯವರು ಅವರನ್ನು 'ಆಚೆಯವರು' ಅನ್ನುತ್ತಿದ್ದರು. ಅಷ್ಟೇ ಹೆಸರು, ಅಷ್ಟೇ ವಿಳಾಸ. ಆಚೆಯವರು ಈಚೆ ಬಂದು ಪಾತ್ರೆ ತೊಳೆದು, ನೆಲ ಒರೆಸಿ, ಕಳೆ ಕಿತ್ತು, ತಪಾಸಣೆ ಮುಗಿಸಿ ಆಚೆ ಹೋಗಬೇಕು. ನೆರಳಲ್ಲಿ ಕಲ್ಲುಬೆಂಚುಗಳಿದ್ದವು. ಕೂರಬಾರದು.

ಹತ್ತು ವರ್ಷದಿಂದ ಅವಳು ಅಲ್ಲಿನ ಕೈತೋಟಗಳ ಕಳೆ ಕೀಳುತ್ತಿದ್ದಳು. ಮನೆಯವರು 'ಕಳೆಯವಳು' ಅನ್ನುತ್ತಿದ್ದರು, ಜೊತೆಯವರು 'ಕಳೆಯಕ್ಕ'. ಯಾರಾದರೂ ಯಾಕೆ ಆ ಹೆಸರು ಅಂತ ಕೇಳಿದರೆ, "ಮುಖ ನೋಡಿದ್ರೆ ಗೊತ್ತಾಗಲ್ವಾ? ಎಷ್ಟು ಕಳೆ ಇದೆ!" ಅನ್ನುತ್ತಿದ್ದಳು. ಮೂರು ತಿಂಗಳಿಂದ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ಚೀಲದ ಬಾಯಿ ಕಟ್ಟುತ್ತಿದ್ದಾಗ ಎದುರಿಗೆ ಎರಡು ಬೂಟು ಬಂದು ನಿಂತವು. ತಲೆ ಎತ್ತಿದಳು. ಅಂಕಿಸಾಹೇಬರು.

ಅವರು ಬಡಾವಣೆಯ ಸಂಘದ ಕಾರ್ಯದರ್ಶಿ. ಯಾವುದೋ ಇಲಾಖೆಯಲ್ಲಿ ಮೂವತ್ತೈದು ವರ್ಷ ಅಂಕಿಸಂಖ್ಯೆ ಕೂಡಿಸಿ ನಿವೃತ್ತರಾದವರು. ಮನೆಗೆ ಬಂದ ಮೇಲೂ ಕೂಡಿಸುವ ಚಟ ಬಿಡಲಿಲ್ಲ. ಅಂಕೆ ಕೂಡಿದಷ್ಟೂ ಅವರಿಗೆ ಶಂಕೆ ಕೂಡುತ್ತಿತ್ತು.

"ಏನಮ್ಮ, ಭಾನುವಾರ ಹತ್ತು ಗಂಟೆಗೆ ಸಂಘದ ಕೋಣೆಗೆ ಬಾ."

"ಭಾನುವಾರ ಕಳೆ ಇಲ್ಲ ಸಾರ್."

"ಕಳೆಗಲ್ಲ. ಕಳವಿಗೆ."

ಅವಳು ಎದ್ದು ನಿಂತಳು.

"ತಾಳೆ ಹಾಕಿದೀನಿ," ಅಂದರು ಅವರು, ಗಂಟಲು ಸರಿಮಾಡಿಕೊಂಡು. "ನಿನ್ನ ಪಾಸಿನ ಮೇಲೆ ಗೇಟಿನ ಮೊಹರು ಬಿದ್ದ ದಿನ, ಪುಸ್ತಕದಲ್ಲಿ ಕಳವು. ಮೊಹರಿಲ್ಲದ ದಿನ, ಕಳವಿಲ್ಲ. ಆರು ತಿಂಗಳದು ನೋಡಿದೆ. ಒಂದೇ ಒಂದು ದಿನ ತಾಳೆ ಆಗಲ್ಲ. ಅದು ಲೆಕ್ಕಕ್ಕಿಲ್ಲ. ಉಳಿದದ್ದೆಲ್ಲ ನೂರಕ್ಕೆ ನೂರು. ನಾನು ಹೇಳ್ತಿಲ್ಲಮ್ಮ, ಅಂಕಿ ಹೇಳ್ತಿದೆ."

"ನಾನು ಏನೂ ತಗೊಂಡಿಲ್ಲ ಸಾರ್."

"ಹಾಗಂತ ಎಲ್ರೂ ಅಂತಾರೆ. ಸೋಮವಾರ ನಿನ್ನ ಹೆಸರು ಠಾಣೆಗೆ ಹೋಗುತ್ತೆ. ಅದಕ್ಕೆ ಮುಂಚೆ ನಿನ್ನ ಮಾತೂ ಕೇಳಬೇಕು, ನ್ಯಾಯ ಅಂತ ಒಂದಿದೆಯಲ್ಲ. ಸಭೇಲಿ ಒಪ್ಕೊಂಡ್ರೆ ಠಾಣೆ ಬೇಡ. ಸುಮ್ನೆ ಕೆಲಸ ಬಿಟ್ಟು ಹೋಗು."

ಬೂಟುಗಳು ಹೋದವು.

ಠಾಣೆಯ ಪಟ್ಟಿಯಲ್ಲಿ ಹೆಸರು ಬಿದ್ದರೆ ಏನಾಗುತ್ತದೆ ಎಂದು ಆಚೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವ ಬಡಾವಣೆಯ ಗೇಟೂ ತೆರೆಯುವುದಿಲ್ಲ. ಎಲ್ಲಿ ಏನು ಹೋದರೂ ಮೊದಲು ಬಾಗಿಲು ಬಡಿಯುವುದು ಅವಳದೇ. ಒಪ್ಪಿಕೊಂಡರೆ ಕಳ್ಳಿ. ಒಪ್ಪದಿದ್ದರೆ ಪಟ್ಟಿಯಲ್ಲಿರುವ ಕಳ್ಳಿ. ಅವಳು ಗೇಟಿನ ಕಂಬಕ್ಕೆ ಒರಗಿ ನಿಂತಳು.

ಎದುರಿಗೇ ಬೋರ್ಡು. 'ನಮ್ಮ ಬಡಾವಣೆಯ ಸುರಕ್ಷತೆ' ಅಂತ ಮೇಲೆ ದಪ್ಪಕ್ಷರ. ಕೆಳಗೆ ಆರು ತಿಂಗಳಿಗೆ ಆರು ಕೆಂಪು ಕಂಬ, ಪ್ರತಿ ಕಂಬದ ತಲೆಯ ಮೇಲೆ ಆ ತಿಂಗಳ ಕಳವಿನ ಸಂಖ್ಯೆ. ದಿನಾ ನೋಡಿದ್ದಳು, ಎಂದೂ ಓದಿರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಓದು ಅವಳದು. ನಿಧಾನಕ್ಕೆ ಓದಿದಳು.

ನಾಲ್ಕು. ಒಂಬತ್ತು. ಹದಿನಾಲ್ಕು. ಎರಡು. ಹದಿಮೂರು. ಹದಿನೇಳು.

ಎರಡರ ಪುಟ್ಟ ಕಂಬದ ಕೆಳಗೆ ಸಾಹೇಬರು ಹಸಿರು ಶಾಯಿಯಲ್ಲಿ ಬರೆದಿದ್ದರು: 'ತಪಾಸಣೆಯ ಫಲ.'

ಅವಳು ಆ ಪುಟ್ಟ ಕಂಬವನ್ನೇ ನೋಡಿದಳು. ತಪಾಸಣೆ ಶುರುವಾದ ತಿಂಗಳು. ಗುದ್ದಲಿ ಹೋದ ತಿಂಗಳು. ಎರಡು ದಿನ ಬೆರಳಲ್ಲಿ ಕಿತ್ತಳು, ಎರಡನೇ ದಿನವೇ ಮುಳ್ಳು ಮುರಿಯಿತು, ಆಮೇಲೆ ಬರಲಿಲ್ಲ. ಎರಡು ದಿನ.

ಹಿಂದಕ್ಕೆ ಹೋದಳು. ನಾಲ್ಕು: ಸುಡುಬಿಸಿಲಿನ ತಿಂಗಳು, ಹುಲ್ಲೇ ಇಲ್ಲ, ನಾಲ್ಕು ದಿನ ಕರೆದಿದ್ದರು. ಒಂಬತ್ತು: ಮೊದಲ ಮಳೆ. ಹದಿನಾಲ್ಕು: ಮಳೆ ಕೂತಿತ್ತು, ಜೇಕು ಹರಡಿತ್ತು, ಬೆನ್ನು ಬಿದ್ದುಹೋಗುವಷ್ಟು ಕಿತ್ತಿದ್ದಳು. ಆ ಬೆನ್ನುನೋವೇ ಅಲ್ಲಿ ಕೆಂಪಗೆ ನಿಂತಿತ್ತು.

ಇದು ಕಳ್ಳರ ಲೆಕ್ಕ ಅಲ್ಲ. ಹುಲ್ಲಿನ ಲೆಕ್ಕ.

ಚೀಲ ಅಲ್ಲೇ ಬಿಟ್ಟು ಗೇಟಣ್ಣನ ಗೂಡಿಗೆ ಹೋದಳು. "ಅಣ್ಣ, ಪುಸ್ತಕ ತೋರ್ಸು."

"ಯಾವ ಪುಸ್ತಕ?"

"ಇನ್ಯಾವುದಿದೆ ನಿನ್ನ ಹತ್ರ?"

ಒಂದೇ ಪುಸ್ತಕ. ಎಷ್ಟು ಹೊತ್ತಿಗೆ, ಎಷ್ಟನೇ ಮನೆ, ಏನು ವಿಷಯ, ಎಲ್ಲ ಅದರಲ್ಲೇ. ಹೆಸರು ಪಾಸಿನಲ್ಲಿದೆ ಅಂತ ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮನೆಯವರು ಏನಾದರೂ ಹೋಯಿತೆಂದು ದೂರು ಕೊಟ್ಟರೆ ಅದೂ ಅದರಲ್ಲೇ. 'ವಿಷಯ' ಅನ್ನುವ ಸಾಲು ಹೆಬ್ಬೆರಳಿನಷ್ಟು ಅಗಲ. ಗೇಟಣ್ಣನ ಅಕ್ಷರವೋ ಎಮ್ಮೆಯಷ್ಟು. ಹಾಗಾಗಿ ಎಲ್ಲವನ್ನೂ ಮೊಟಕು ಮಾಡುತ್ತಿದ್ದ. ಪಾತ್ರೆ ತೊಳೆಯುವವರಿಗೆ 'ಪಾ'. ನಲ್ಲಿ ರಿಪೇರಿಗೆ 'ನ'. ಕಳೆ ಕೀಳುವವಳಿಗೆ 'ಕಳೆ'.

"ಏನಾದ್ರೂ ಕಳೆದುಹೋದ್ರೆ ಏನು ಬರೀತೀಯ?"

"ಕಳೆದಿದೆ ಅಂತ ಪೂರ್ತಿ ಹಿಡಿಸಲ್ಲ ತಂಗಿ. ಅದಕ್ಕೆ..." ಗೇಟಣ್ಣ ನಿಂತ. ಪುಟ ನೋಡಿದ. ಅವಳ ಮುಖ ನೋಡಿದ.

"ಅದಕ್ಕೆ?"

"...ಕಳೆ."

"ಎರಡಕ್ಕೂ ಒಂದೇ ಬರೆದ್ರೆ ಗೊತ್ತಾಗೋದು ಹೇಗೆ?"

"ನಂಗೆ ಗೊತ್ತಾಗ್ತಿತ್ತಲ್ಲ."

ಅವನು ಕುರ್ಚಿಯಲ್ಲಿ ಕುಸಿದು, ಕೈ ಮುಗಿದೇಬಿಟ್ಟ. "ತಂಗಿ, ಹೇಳಬೇಡ. ನನ್ನ ಬರವಣಿಗೆಯಿಂದ ಹೀಗಾಯ್ತು ಅಂದ್ರೆ ಇವತ್ತೇ ಕಳಿಸ್ತಾರೆ. ನಾನೂ ಮೋರಿಯಾಚೆಯವನೇ. ಅರವತ್ತಾಯ್ತು. ಇನ್ನು ಯಾವ ಗೇಟಲ್ಲಿ ನಿಲ್ಲಿಸ್ಕೋತಾರೆ?"

"ಹಾಗಾದ್ರೆ ನಾನು ಕಳ್ಳಿ ಆಗ್ಲಾ?"

ಅವನು ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿ ಕೂತ.

ಸಂಜೆ ಮನೆಯಲ್ಲಿ ನಾದಿನಿ ಇದನ್ನೆಲ್ಲ ಕೇಳಿ ಮೊದಲು ನಕ್ಕಳು. ನಾದಿನಿಯೂ ಅದೇ ಬಡಾವಣೆಯಲ್ಲಿ ಪಾತ್ರೆ ತೊಳೆಯುವವಳು. ಪಾತ್ರೆ ತೊಳೆಯುವುದಕ್ಕಿಂತ ಪಾತ್ರ ಕಟ್ಟುವುದರಲ್ಲಿ ಕೈ ಹೆಚ್ಚು. ಸೌಟನ್ನು ಬಗಲಲ್ಲಿ ಇಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿ, ಗಂಟಲು ಸರಿಮಾಡಿಕೊಂಡಳು. ಅದೇ ಸಾಹೇಬರು.

"ಹ್ಞೂಂಹ್! ನೋಡಮ್ಮ, ಗರಿಕೆ ಒಂದು, ತುಂಬೆ ಎರಡು, ಜೇಕು ಹದಿನಾಲ್ಕು. ಒಟ್ಟು ಹದಿನೇಳು ಕಳ್ಳರು ತಲೆ ಎತ್ತಿದಾರೆ. ನಾನು ಹೇಳ್ತಿಲ್ಲ, ಹುಲ್ಲು ಹೇಳ್ತಿದೆ!"

ಕಳೆಯಕ್ಕ ನಗಲಿಲ್ಲ. ನಾದಿನಿ ಸೌಟು ಕೆಳಗಿಟ್ಟಳು.

"ಅತ್ತಿಗೆ, ನಾಡಿದ್ದು ಗೇಟಣ್ಣನ ಹೆಸರು ಹೇಳಿಬಿಡು. ಅಷ್ಟೇ. ನಿನ್ನ ತಲೆ ಉಳಿಯುತ್ತೆ."

"ಅವನ ತಲೆ?"

"ಅವನು ನಿನ್ನ ಚೀಲ ಸುರಿಯುವಾಗ ಯೋಚನೆ ಮಾಡಿದ್ನಾ?"

"ಅವನಿಗೆ ಸುರಿ ಅಂದಿದ್ದು ಯಾರು? ಈಚೆಯವರ ಹತ್ರ ತಪ್ಪಿಸ್ಕೊಳ್ಳೋಕೆ ಆಚೆಯವರಲ್ಲೇ ಒಬ್ಬರನ್ನ ಕೊಡ್ತಾ ಹೋದ್ರೆ, ಕೊನೆಗೆ ಆಚೆ ಯಾರೇ ಉಳೀತಾರೆ?"

"ಮತ್ತೇನು ಮಾಡ್ತೀಯ?"

"ಕೇಳ್ತೀನಿ."

"ಏನಂತ?"

"ಏನು ಕಳೆದಿದೆ ಅಂತ. ಇದುವರೆಗೆ ಯಾರೂ ಕೇಳಿಲ್ಲ ನೋಡು."

ಭಾನುವಾರ ಸಂಘದ ಕೋಣೆಯಲ್ಲಿ ಇಪ್ಪತ್ತು ಕುರ್ಚಿ, ಇಪ್ಪತ್ತರಲ್ಲೂ ಜನ. ಕಳೆಯಕ್ಕನಿಗೆ ಬಾಗಿಲ ಬಳಿ ನಿಲ್ಲಲು ಹೇಳಿದರು. ಚಪ್ಪಲಿ ಹೊರಗೆ ಬಿಡಿಸಿದರು. ಉಳಿದವರ ಕಾಲಲ್ಲಿ ಬೂಟು, ಚಪ್ಪಲಿ ಎಲ್ಲ ಇದ್ದವು. ಪಾತ್ರೆಗೆ ಭಾನುವಾರ ಅಂತ ರಜೆ ಇಲ್ಲವಾದ್ದರಿಂದ ನಾದಿನಿ ಬೇಗ ಕೆಲಸ ಮುಗಿಸಿ ಕಿಟಕಿಯಾಚೆ ಬಂದು ನಿಂತಿದ್ದಳು. ಗೇಟಣ್ಣನನ್ನು ಪುಸ್ತಕದ ಸಮೇತ ಕರೆಸಿದ್ದರು. ಅವನು ಗೋಡೆಗೆ ಅಂಟಿಕೊಂಡಿದ್ದ.

ಸಾಹೇಬರು ಕಂಬಗಳ ಕಥೆ ಹೇಳಿದರು. ಕುರ್ಚಿಗಳು ತಲೆದೂಗಿದವು. "ಇಷ್ಟು ವರ್ಷ ಮನೆಯೊಳಗೇ ಬಿಟ್ಕೊಂಡ್ವಲ್ಲ," ಅಂತ ಯಾರೋ ಉಸಿರು ಬಿಟ್ಟರು.

"ಹೇಳಮ್ಮ. ಈ ತಿಂಗಳು ಹದಿನೇಳು. ಒಪ್ಕೋತೀಯಾ?"

ಅವಳು ಕೇಳಿದಳು.

"ಏನೇನು ಹೋಗಿದೆ ಸಾರ್?"

"ಏನು?"

"ಹದಿನೇಳು ಕಳವು ಅಂದ್ರಲ್ಲ. ಏನೇನು ಹೋಗಿದೆ, ಒಂದೊಂದಾಗಿ ಹೇಳಿ. ತಗೊಂಡಿದ್ರೆ ನಂಗೂ ಗೊತ್ತಿರಬೇಕಲ್ಲ."

ಸಾಹೇಬರು ಹಾಳೆ ತಿರುವಿದರು. ಹಾಳೆಯಲ್ಲಿ ತಾರೀಖಿತ್ತು, ಮನೆ ನಂಬರಿತ್ತು. ವಸ್ತು ಇರಲಿಲ್ಲ. "ಮೂಲೆಮನೆಯಿಂದ ಐದು ದೂರು," ಅಂದರು. "ಮೇಡಂ, ನೀವೇ ಹೇಳಿಬಿಡಿ."

ಮೂಲೆಮನೆಯ ಮೇಡಂ ಗಾಬರಿಯಾದರು. ಬಡಾವಣೆಯಲ್ಲಿ ಎಲ್ಲರಿಗಿಂತ ದೊಡ್ಡ ಕೈತೋಟ ಅವರದೇ. "ನಮ್ಮನೇಲಿ ಐದು ಕಳವಾ? ನಮ್ಮನೇಲಿ ಏನೂ..." ಎಲ್ಲರೂ ಅವರನ್ನೇ ನೋಡುತ್ತಿದ್ದರು. "ಇರಿ, ಇರಿ. ಒಂದು ಕೊಡೆ ಕಾಣಿಸ್ತಿಲ್ಲ."

"ಕೊಡೆ," ಸಾಹೇಬರು ಬರೆದುಕೊಂಡರು.

ಅಷ್ಟೇ ಸಾಕಾಯಿತು. "ನಮ್ಮನೆ ಟಾರ್ಚು!" ಅಂದಿತು ಎರಡನೇ ಸಾಲಿನ ಕುರ್ಚಿ. "ಒಂದು ಚಮಚ." "ಕಾಲೊರೆಸುವ ಬಟ್ಟೆ, ಹೊಸದು." ಚೀಟಿ ತುಂಬುತ್ತ ಹೋಯಿತು. ಹದಿನೇಳು ಎಂದು ಬೋರ್ಡು ಹೇಳಿದ ಮೇಲೆ ಹದಿನೇಳನ್ನು ಒದಗಿಸುವುದು ನಿವಾಸಿಗಳ ಕರ್ತವ್ಯ ಅನ್ನುವ ಹಾಗೆ ಅವರು ತಮ್ಮ ತಮ್ಮ ಮನೆಗಳನ್ನು ಮನಸ್ಸಿನಲ್ಲೇ ದೋಚತೊಡಗಿದರು.

ಇಲ್ಲದ ಕೊಡೆಯೊಂದು ಕಳೆಯಕ್ಕನ ಬಗಲಿಗೆ ಬಂದು ಕೂರುತ್ತಿತ್ತು. ಇಲ್ಲದ ಚಮಚ ಅವಳ ಬಟ್ಟೆಯೊಳಗೆ ಇಳಿಯುತ್ತಿತ್ತು.

"ಹೊತ್ತು ಓದಿ ಸಾರ್!" ಅಂದಳು. ಕೂಗಿದ್ದಳು. "ಪುಸ್ತಕದಲ್ಲಿ ಹೊತ್ತು ಬರೆದಿರುತ್ತಲ್ಲ. ಕಳವಾದ ಹೊತ್ತು. ಓದಿ."

ಸಾಹೇಬರು ಓದಿದರು. "ಎಂಟು ಗಂಟೆ. ಎಂಟು ಐದು. ಎಂಟು. ಎಂಟು ಹತ್ತು. ಎಂಟು..."

"ನಾನು ದಿನಾ ಗೇಟಿಗೆ ಬರೋದು ಎಂಟಕ್ಕೆ. ಎಂಟಕ್ಕೇ ಕಳವು ಬರೆದಿದೀರಿ. ಒಳಗೆ ಕಾಲಿಡೋಕೂ ಬಿಡ್ದೆ ಕದ್ದೆ ಅಂದ್ರೆ ಹೇಗೆ ಸಾರ್? ಕಳ್ಳಿಗೂ ಒಂದು ಗಳಿಗೆ ಪುರಸೊತ್ತು ಬೇಡ್ವಾ?"

ಕಿಟಕಿಯಾಚೆ ನಾದಿನಿ ಕಿಸಕ್ಕೆಂದಳು. ಕುರ್ಚಿಗಳಲ್ಲೂ ಒಂದೆರಡು ನಕ್ಕು ಕೆಮ್ಮಿದವು. ಸಾಹೇಬರು ಮಾತ್ರ ನಗಲಿಲ್ಲ. ಅವರು ಅಂಕಿಗಳ ಮನುಷ್ಯ. ಸಾಲು ಸಾಲು ಎಂಟುಗಳ ಮೇಲೆ ಅವರ ಬೆರಳು ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು.

"ಇದೊಂದು ಸಂಜೆ ಐದು," ಅಂದರು. "ಒಂಬತ್ತನೇ ಮನೆ. ತಾಳೆ ಆಗದ್ದು ಇದೇ."

"ನನ್ನ ಚಪ್ಪಲಿ," ಅಂದರು ಒಂಬತ್ತನೇ ಮನೆಯ ದಂತವೈದ್ಯರು. "ನಾಯಿ ಎಳ್ಕೊಂಡು ಹೋಗಿತ್ತು. ಮಾರನೇ ದಿನ ಸಿಕ್ತು."

ಸಾಹೇಬರು ಗೋಡೆಯ ಕಡೆ ತಿರುಗಿದರು. "ಏನಯ್ಯ ಇದು? 'ಕಳೆ' ಅಂದ್ರೆ ಕಳೆದಿದೆ ಅಂತ ತಾನೆ?"

ಗೇಟಣ್ಣ ಕಳೆಯಕ್ಕನನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ನೆಲ ನೋಡಿಕೊಂಡು ನಿಂತಿದ್ದಳು. ಬಾಯಿ ಬಿಡುವುದಿಲ್ಲ ಅನ್ನುವುದು ಅವಳ ದವಡೆಯಲ್ಲೇ ಕಾಣುತ್ತಿತ್ತು. ಅದನ್ನು ನೋಡಲಾರದೆ ಅವನೇ ಬಾಯಿಬಿಟ್ಟ.

"ಚಪ್ಪಲಿದು ಕಳೆದಿದ್ದು ಸಾರ್. ಮಿಕ್ಕಿದ್ದೆಲ್ಲ ಕಳೆ. ಹುಲ್ಲು ಸಾರ್. ಇವಳು ಕೀಳೋ ಹುಲ್ಲು. ನಾನೇ ಹಾಗೆ ಬರೀತಿದ್ದಿದ್ದು. ನೀವು ಎಣಿಸ್ತೀರಿ ಅಂತ ಗೊತ್ತಿರಲಿಲ್ಲ."

ಮೂವತ್ತೈದು ವರ್ಷದ ಅಭ್ಯಾಸ ಸಾಹೇಬರ ಬಾಯಿಂದ ತಾನಾಗಿ ಹೊರಬಂತು. "ಹದಿನೇಳರಲ್ಲಿ ಹದಿನಾರು ಕಳೆ..."

"ಕಳೆದ್ರೆ ಒಂದು," ಅಂದಳು ಕಳೆಯಕ್ಕ. "ಅದೂ ನಾಯಿ."

ಮೂಲೆಮನೆಯ ಮೇಡಂ ಕೊಡೆಯ ಬಗ್ಗೆ ಸಣ್ಣ ದನಿಯಲ್ಲಿ, "ಕಾರಲ್ಲೇ ಇರಬಹುದು," ಅಂದರು.

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅಷ್ಟರಲ್ಲಿ ಚೇತರಿಸಿಕೊಂಡಿದ್ದರು.

"ಆಯ್ತಮ್ಮ. ತಪ್ಪಾಗಿದೆ. ನಿನ್ನ ಹೆಸರು ಠಾಣೆಗೆ ಹೋಗಲ್ಲ. ಇವನ ವಿಷಯ ಆಮೇಲೆ ನೋಡೋಣ. ನೀನಿನ್ನು ಹೋಗು."

"ತಪಾಸಣೆ?"

"ಏನು ತಪಾಸಣೆ?"

"ಆ ಕೋಣೇಲಿ ನಮ್ಮ ಬಟ್ಟೆ ಬಿಚ್ಚಿಸೋದು. ಕಂಬ ನೋಡಿ ಶುರು ಮಾಡಿದ್ರಲ್ಲ. ಕಂಬ ಬಿತ್ತಲ್ಲ ಈಗ."

"ಅದು ಬೇರೆ ವಿಷಯ," ಅಂದರು ಸಾಹೇಬರು. "ಕಳವು ಇದ್ದಾಗ ತಪಾಸಣೆ ಬೇಕೇ ಬೇಕು. ಈಗ ಕಳವು ಇಲ್ಲ ಅಂತ ಆಯ್ತು. ಯಾಕಿಲ್ಲ? ತಪಾಸಣೆ ಇರೋದ್ರಿಂದ. ಹಾಗಾಗಿ ಮುಂದುವರಿಸಬೇಕು."

ಕುರ್ಚಿಗಳು ಮತ್ತೆ ತಲೆದೂಗಿದವು. ಈ ಸಲ ನೆಮ್ಮದಿಯಿಂದ.

ಕಳೆಯಕ್ಕ ಆ ಮಾತನ್ನು ಒಳಗೇ ಒಂದು ಸುತ್ತು ತಿರುಗಿಸಿ ನೋಡಿದಳು. ಕಳವಿದ್ದರೆ ಬಿಚ್ಚು. ಇಲ್ಲದಿದ್ದರೂ ಬಿಚ್ಚು. ಎಲ್ಲಿ ಎಳೆದರೂ ಹುಲ್ಲು ಕೈಗೆ ಬರುತ್ತಿತ್ತು, ಗೆಡ್ಡೆ ಬರುತ್ತಿರಲಿಲ್ಲ.

"ನಾನು ಇನ್ಮೇಲೆ ಬಿಚ್ಚಲ್ಲ," ಅಂದಳು.

"ಏನಂದೆ?"

"ಬಟ್ಟೆ ಬಿಚ್ಚಲ್ಲ. ಬಾಯಿ ತೆರೆಯಲ್ಲ. ಆ ಕೋಣೆಗೆ ಹೋಗಲ್ಲ."

"ಹಾಗಾದ್ರೆ ಚಿಕ್ಕ ಗೇಟಿಂದ ಹೊರಗೆ ಬಿಡಲ್ಲ. ನಿಯಮ."

"ಬಿಡಬೇಡಿ."

ಚಪ್ಪಲಿ ಮೆಟ್ಟಿಕೊಂಡು ನಡೆದಳು. ಹನ್ನೊಂದರ ಬಿಸಿಲು. ಮೋಟರಿನ ಕೋಣೆಯ ಮುಂದೆ ಕೆಲಸ ಮುಗಿಸಿದ ಹನ್ನೆರಡು ಹೆಂಗಸರು ಸರದಿ ನಿಂತಿದ್ದರು. ತಗಡಿನ ಬಾಗಿಲಲ್ಲಿ ಟೋಪಿಯಮ್ಮ. ಹಿಂದೆಯೇ ಸಾಹೇಬರು ದಾಪುಗಾಲು ಹಾಕಿ ಬಂದರು. ಅವರ ಹಿಂದೆ ಗೇಟಣ್ಣ, ಸಭೆಯ ಅರ್ಧ.

"ಏಯ್, ಇವಳನ್ನ ಇಲ್ಲೇ ತಪಾಸಣೆ ಮಾಡು," ಅಂದರು ಸಾಹೇಬರು. "ಎಲ್ರ ಎದುರಿಗೇ. ಎಲ್ರಿಗೂ ನಿಯಮ ಗೊತ್ತಾಗ್ಲಿ."

ಟೋಪಿಯಮ್ಮ ಎರಡು ಹೆಜ್ಜೆ ಬಂದಳು. ಕೈ ಅರ್ಧ ಎತ್ತಿದಳು. ಮೆಲ್ಲಗೆ ಅಂದಳು, "ಅಕ್ಕ, ನಂಗೂ ಮಕ್ಕಳಿದಾರೆ."

"ನಂಗೂ ಇದಾರೆ. ನಿನ್ನ ಮಕ್ಕಳು ಕೇಳಿದ್ರೆ ಏನು ಕೆಲಸ ಅಂತ ಹೇಳ್ತೀಯ?"

ಟೋಪಿಯಮ್ಮನ ಕೈ ಅಲ್ಲೇ ನಿಂತಿತು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ.

"ಮುಟ್ಟು ನೋಡೋಣ," ಅಂದಳು ಕಳೆಯಕ್ಕ. ಟೋಪಿಯಮ್ಮನ ತಲೆಯ ಮೇಲಿಂದ ಸಾಹೇಬರನ್ನು ನೋಡಿ ಅಂದಿದ್ದಳು. "ಇಲ್ಲ, ನೀವೇ ಬನ್ನಿ ಸಾರ್. ನಿಯಮ ನಿಮ್ಮದು, ಕೈ ಯಾಕೆ ನಮ್ಮವಳದು?"

ಸಾಹೇಬರ ಮುಖ ಕೆಂಪಾಯಿತು. ಸರದಿಯಲ್ಲಿದ್ದ ಹೆಂಗಸರು ಅವರ ಕೈಗಳನ್ನು ನೋಡಿದರು.

ಕಳೆಯಕ್ಕ ತಿರುಗಿದಳು. ಚಿಕ್ಕ ಗೇಟಿನ ಕಡೆಗಲ್ಲ, ಪಕ್ಕದ ದೊಡ್ಡ ಗೇಟಿನ ಕಡೆಗೆ. ಅದು ಕಾರುಗಳ ಗೇಟು. ಅಲ್ಲಿ ಯಾರಿಗೂ ತಪಾಸಣೆ ಇಲ್ಲ. ಡಿಕ್ಕಿಯಲ್ಲಿ ಬಡಾವಣೆಯನ್ನೇ ಹಾಕಿಕೊಂಡು ಹೋದರೂ ಸಲಾಮು ಹೊಡೆದು ಬಿಡುತ್ತಾರೆ. ಗೇಟು ಮುಚ್ಚಿತ್ತು. ಅದರ ಮುಂದೆ, ದಾರಿಯ ನಟ್ಟನಡುವೆ ನಿಂತಳು.

"ಅಲ್ಲಿಂದ ಆಚೆಯವರು ಹೋಗೋ ಹಾಗಿಲ್ಲ!" ಸ್ವರ ಸಾಹೇಬರದೇ. ಅಷ್ಟೇ ಗಂಟಲು, ಅಷ್ಟೇ ಗತ್ತು. ಸಾಹೇಬರೇ ಬೆಚ್ಚಿ ತಿರುಗಿದರು. ಕೂಗಿದ್ದು ನಾದಿನಿ. ಕೂಗುತ್ತಲೇ ಓಡಿ ಬಂದು ಅತ್ತಿಗೆಯ ಪಕ್ಕ ನಿಂತಳು. ಸರದಿಯಲ್ಲಿ ಯಾರೋ ನಕ್ಕರು. ನಗು ಬಿದ್ದ ಕಡೆಯಿಂದ ಸರದಿ ಮುರಿಯಿತು. ಒಬ್ಬಳು ಬಂದಳು. ಇಬ್ಬರು. ಉಳಿದವರು ಟೋಪಿಯಮ್ಮನನ್ನು ನೋಡಿದರು, ಸಾಹೇಬರನ್ನು ನೋಡಿದರು, ಆಮೇಲೆ ಅವರೂ ಬಂದರು. ಮೂವರು ಮಾತ್ರ ತಗಡಿನ ಬಾಗಿಲ ಮುಂದೆ ತಲೆ ತಗ್ಗಿಸಿ ಅಲ್ಲೇ ಉಳಿದರು. ಅವರನ್ನು ಯಾರೂ ಕರೆಯಲಿಲ್ಲ, ಬಯ್ಯಲೂ ಇಲ್ಲ.

ಹಿಂದೆ ಹಾರ್ನು ಕೇಳಿಸಿತು. ದಂತವೈದ್ಯರ ಕಾರು. ಭಾನುವಾರವೂ ಅವರಿಗೆ ಹನ್ನೊಂದೂವರೆಗೆ ಯಾರದೋ ಹಲ್ಲು ಕೀಳುವುದಿತ್ತು.

"ಗೇಟು ತೆಗೀರಿ, ತಡ ಆಗ್ತಿದೆ!"

"ತೆಗೀಬೇಡ!" ಅಂದರು ಸಾಹೇಬರು.

"ಯಾಕ್ರೀ ತೆಗೀಬಾರ್ದು? ನನ್ನನ್ನ ಯಾಕೆ ಕೂಡಿ ಹಾಕ್ತೀರಿ?"

"ನಿಮ್ಮನ್ನಲ್ಲ ಡಾಕ್ಟ್ರೇ, ಇವರನ್ನ."

"ಕಾರಿಗೆ ಇರೋದು ಇದೊಂದೇ ಗೇಟು! ಇವರನ್ನ ಬಿಡದೆ ನನ್ನನ್ನ ಹೇಗೆ ಬಿಡ್ತೀರಿ?"

ಇಬ್ಬರೂ ಗೇಟಣ್ಣನನ್ನು ನೋಡಿದರು. ಗೇಟಣ್ಣ ಕೈಯಲ್ಲಿದ್ದ ಕೀಲಿಕೈ ನೋಡಿಕೊಂಡ. ಹೇಗೂ ಅವನ ಕೆಲಸ ಹೋಗಿಯಾಗಿತ್ತು. ಮೊದಲು ಬಲರೆಕ್ಕೆ ತೆರೆದ. ಅರ್ಧ ತೆರೆದರೆ ಸಾಕಿತ್ತು. ಎಡರೆಕ್ಕೆಯನ್ನೂ ಗೋಡೆಗೆ ತಾಗುವವರೆಗೆ ನೂಕಿದ.

ಕಳೆಯಕ್ಕ ಹೊರಟಳು. ನಾಳೆ ಈ ಗೇಟು ತನಗೆ ತೆರೆಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದವರಲ್ಲಿ ಎಷ್ಟು ಮಂದಿಗೆ ತೆರೆಯುತ್ತದೋ ಗೊತ್ತಿರಲಿಲ್ಲ. ಹೆಂಗಸರು ದಾರಿಯ ತುಂಬ ಹರಡಿಕೊಂಡು ನಡೆದರು. ಕಾರು ಹಿಂದೆ ತೆವಳಿತು. ಹಾರ್ನು ಒಂದು ಸಲ ಗದರಿತು, ಒಂದು ಸಲ ಬೇಡಿಕೊಂಡಿತು.

"ಸ್ವಲ್ಪ ಬೇಗ ನಡೀರಮ್ಮಾ!" ಕಿಟಕಿಯಿಂದ ತಲೆ ಹೊರಹಾಕಿ ವೈದ್ಯರು ಕೂಗಿದರು.

ಹತ್ತು ವರ್ಷ ಅವರ ಮನೆಯಂಗಳದಲ್ಲಿ ಮಡಿಸಿಕೊಂಡೇ ಇದ್ದ ಮಂಡಿಗಳು. ನೆಟ್ಟಗಾಗಲು ಹೊತ್ತು ಬೇಕಿತ್ತು. ಕಳೆಯಕ್ಕ ತಿರುಗಿ ನೋಡಲಿಲ್ಲ. ಮಂಡಿ ಎಷ್ಟು ಬೇಗ ಅಂದಿತೋ ಅಷ್ಟೇ ಬೇಗ ನಡೆದಳು.